ಯುಎಸ್‌ಡಿಟಿ ಅನ್ನುವ ಕ್ರಿಪ್ಟೋ ಕಾಯಿನ್ ಮಾರಿದ್ದಕ್ಕೆ ಖಾತೆ ಫ್ರೀಜ್ ಆಗಿದೆ, ನಾನು ಮಾಡಿದ್ದು ಅಪರಾಧವಾ?

ಕೇಶ್ವಾಪುರದವ | ನವೆಂಬರ್ 11, ಸಂಜೆ 7:10

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಕೊಪ್ಪಿಕರ್ ರಸ್ತೆ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ. ನಿನ್ನೆ ಡಿಸ್‌ಪ್ಲೇ ತಂದುಕೊಡುವ ಹುಡುಗನಿಗೆ ಯುಪಿಐ ಮಾಡಲು ಹೋದೆ. ಆಗಲಿಲ್ಲ. ಇನ್ನೊಮ್ಮೆ ಮಾಡಿದೆ, ಆಗಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ಗಲ್ಲೆಯಲ್ಲಿದ್ದ ನಗದು ಕೊಟ್ಟು ಕಳಿಸಿದೆ.

ಇವತ್ತು ಬ್ಯಾಂಕಿಗೆ ಹೋದಾಗ ಒಂದು ಹಾಳೆ ಪ್ರಿಂಟ್ ತೆಗೆದು ಕೈಗಿಟ್ಟರು. ಬೇರೆ ರಾಜ್ಯದ ಸೈಬರ್ ಠಾಣೆಯ ಹೆಸರು, ಒಂದು ದೂರಿನ ನಂಬರ್, ಪಕ್ಕದಲ್ಲಿ ವಿವಾದದ ಮೊತ್ತ 20,000 ರೂಪಾಯಿ. ಆದರೆ ಬೀಗ ಬಿದ್ದಿರುವುದು ಪೂರ್ತಿ 1,86,000ಕ್ಕೆ. ಅಂಗಡಿ ಬಾಡಿಗೆ, ಮಗಳ ಶಾಲೆ ಫೀ, ಎಲ್ಲಾ ಅದರಲ್ಲೇ ಇದೆ.

ನಾಲ್ಕು ತಿಂಗಳಿಂದ ಒಂದು ಆ್ಯಪ್‌ನಲ್ಲಿ ಪಿ2ಪಿ, ಅಂದರೆ ಜನರಿಂದ ಜನರಿಗೆ ನೇರ ಕಾಯಿನ್ ವ್ಯಾಪಾರ, ಮಾಡುತ್ತಿದ್ದೆ. ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಕಡಿಮೆಗೆ ಸಿಕ್ಕಾಗ ಕೊಳ್ಳುವುದು, ಎರಡು ಮೂರು ರೂಪಾಯಿ ಜಾಸ್ತಿ ಸಿಕ್ಕರೆ ಮಾರುವುದು. ಕಳೆದ ವಾರ 450 ಯುಎಸ್‌ಡಿಟಿಯನ್ನು 90 ರೂಪಾಯಿಯಂತೆ ಮಾರಿದೆ. ದುಡ್ಡು ಎರಡು ಸಲ ಬಂತು, ಒಮ್ಮೆ 20,000, ಒಮ್ಮೆ 20,500. ಆ ಮೊದಲ 20,000ವೇ ಈಗ ಕುತ್ತಿಗೆಗೆ ಬಂದಿದೆ. ನಾನು ಕೊಂಡಿದ್ದು 86.50ಕ್ಕೆ. ಲೆಕ್ಕ ಹಾಕಿದರೆ ನನಗೆ ಉಳಿದದ್ದು 1,575 ರೂಪಾಯಿ.

ನಾನು ಯಾರಿಗೂ ಮೋಸ ಮಾಡಿಲ್ಲ. ಕ್ರಿಪ್ಟೋ ಮಾರುವುದೇ ಅಪರಾಧವಾ? ಅಪ್ಪನಿಗೆ ಇನ್ನೂ ಹೇಳಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಟಗೇರಿ ನೇಕಾರ | ನವೆಂಬರ್ 11, ರಾತ್ರಿ 7:45

ಅಣ್ಣಾ, ರಿಸರ್ವ್ ಬ್ಯಾಂಕ್ 2018ರಲ್ಲೇ ಇದನ್ನೆಲ್ಲ ಬ್ಯಾನ್ ಮಾಡಿತ್ತಲ್ಲ. ಅದಕ್ಕೇ ಬ್ಯಾಂಕ್‌ನವರು ಹಿಡಿದಿರಬೇಕು.

ಲೈನ್ ಬಜಾರ್ ವಕೀಲ | ನವೆಂಬರ್ 11, ರಾತ್ರಿ 9:30

ಬೆಟಗೇರಿಯವರೇ, ಅರ್ಧ ಸರಿ. ಈ ಅರ್ಧ ಮಾತೇ ಊರೆಲ್ಲ ಓಡಾಡುತ್ತಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2018ರ ಏಪ್ರಿಲ್ 6ಕ್ಕೆ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಕಳಿಸಿತು. ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಬ್ಯಾಂಕ್‌ಗಳು ಸೇವೆ ಕೊಡಬಾರದು ಅಂತ. ಅದು ಬ್ಯಾಂಕ್‌ಗಳಿಗೆ ಹಾಕಿದ ಕಟ್ಟು. ಕ್ರಿಪ್ಟೋ ಇಟ್ಟುಕೊಳ್ಳುವುದು ಅಪರಾಧ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಅದರ ವಿರುದ್ಧ ಇಂಟರ್ನೆಟ್ ಆ್ಯಂಡ್ ಮೊಬೈಲ್ ಅಸೋಸಿಯೇಷನ್ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಮಾರ್ಚ್ 4ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಸುತ್ತೋಲೆಯನ್ನು ರದ್ದು ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್. ರಿಸರ್ವ್ ಬ್ಯಾಂಕಿಗೆ ಅಧಿಕಾರ ಇದೆ ಎಂದು ಕೋರ್ಟ್ ಒಪ್ಪಿತು. ಆದರೆ ಬ್ಯಾಂಕ್‌ಗಳಿಗೆ ಇದರಿಂದ ಆದ ಹಾನಿ ಏನು ಅಂತ ತೋರಿಸದೆ ಒಂದು ಇಡೀ ವ್ಯಾಪಾರದ ಉಸಿರು ಕಟ್ಟಿಸುವುದು ಅಳತೆ ಮೀರಿದ ಕ್ರಮ ಎಂದಿತು.

2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಒಂದು ಕ್ರಿಪ್ಟೋ ಮಸೂದೆಯ ಹೆಸರಿತ್ತು. ಮಂಡನೆಯೇ ಆಗಲಿಲ್ಲ.

ಹಾಗಾದರೆ ಕೇಶ್ವಾಪುರದವರ ಖಾತೆಗೆ ಏನಾಯಿತು? ಎಲ್ಲೋ ಒಬ್ಬರಿಗೆ ಮೋಸ ಆಗಿದೆ. ಅವರ ದುಡ್ಡು ಮೊದಲು ಒಂದು ಬಾಡಿಗೆ ಖಾತೆಗೆ, ಅಂದರೆ ಯಾರೋ ದುಡ್ಡಿಗಾಗಿ ಕಳ್ಳರಿಗೆ ಬಿಟ್ಟುಕೊಟ್ಟ ಖಾತೆಗೆ, ಹೋಗಿದೆ. ಅಲ್ಲಿಂದ ನಾಲ್ಕಾರು ಖಾತೆಗೆ ಹರಿದಿದೆ. ಕೊನೆಗೆ ಯಾರೋ ಅದೇ ದುಡ್ಡಿನಲ್ಲಿ ನಿಮ್ಮಿಂದ ಯುಎಸ್‌ಡಿಟಿ ಕೊಂಡಿದ್ದಾರೆ. ಕಳ್ಳ ಕಾಯಿನ್ ತೆಗೆದುಕೊಂಡು ಹೋದ. ಕಳವಿನ ದುಡ್ಡು ನಿಮ್ಮ ಖಾತೆಯಲ್ಲಿ ಉಳಿಯಿತು. ಮೋಸ ಹೋದವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಕೂಡಲೇ ಆ ದುಡ್ಡು ನಡೆದ ದಾರಿಯಲ್ಲಿರುವ ಖಾತೆಗಳಿಗೆಲ್ಲ ತಡೆ ಬೀಳುತ್ತದೆ.

ಪೊಲೀಸರಿಗೆ ಈ ಅಧಿಕಾರ ಕೊಡುವುದು ಅಪರಾಧ ತನಿಖೆ, ವಿಚಾರಣೆಯ ಹೊಸ ಕಾನೂನಾದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 106, ಹಳೆಯ ಸಿಆರ್‌ಪಿಸಿಯ 102. ಬ್ಯಾಂಕ್ ಖಾತೆಯೂ ಆ ಸೆಕ್ಷನ್‌ನ ಲೆಕ್ಕದಲ್ಲಿ ಸ್ವತ್ತೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಅಂದರೆ ನೀವು ಆರೋಪಿ ಆಗಿರಲೇಬೇಕು ಅಂತಿಲ್ಲ. ದುಡ್ಡಿನ ಮೇಲೆ ಸಂಶಯ ಇದ್ದರೆ ಸಾಕು.

ಈಗ ಒಂದು ಪ್ರಶ್ನೆ. ಆ್ಯಪ್‌ನಲ್ಲಿ ಕೊಂಡವನ ಹೆಸರು, ನಿಮಗೆ ದುಡ್ಡು ಹಾಕಿದ ಖಾತೆಯ ಹೆಸರು ಒಂದೇ ಇತ್ತಾ?

ಕೌಂಟರ್ ನಂ. 3 | ನವೆಂಬರ್ 11, ರಾತ್ರಿ 10:05

ನಾನು ಬ್ಯಾಂಕ್‌ನಲ್ಲಿ ಕೆಲಸ ಮಾಡುತ್ತೇನೆ, ಯಾವ ಬ್ಯಾಂಕ್ ಅಂತ ಬೇಡ. ವಾರಕ್ಕೆ ಎರಡು ಮೂರು ಜನ ಇದೇ ಹಾಳೆ ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ಕೆಲವರು ಬೈಯುತ್ತಾರೆ, ಕೆಲವರು ಅಳುತ್ತಾರೆ. ಬೀಗ ಹಾಕಿದ್ದು ನಮ್ಮ ಬ್ರಾಂಚಿನವರಲ್ಲ, ಹಾಗಾಗಿ ತೆಗೆಯುವ ಕೈಯೂ ನಮ್ಮದಲ್ಲ.

ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಡೆಬಿಟ್ ಫ್ರೀಜ್ ಅಂದರೆ ಒಂದು ರೂಪಾಯಿಯೂ ಹೊರಗೆ ಹೋಗಲ್ಲ. ಲೀನ್ ಅಂದರೆ ವಿವಾದದ ಮೊತ್ತಕ್ಕೆ ಮಾತ್ರ ತಡೆ, ಉಳಿದದ್ದು ಓಡಾಡುತ್ತದೆ. ನಿಮ್ಮದು ಡೆಬಿಟ್ ಫ್ರೀಜ್. ಪೊಲೀಸರ ಪತ್ರದಲ್ಲಿ ಇಷ್ಟೇ ಮೊತ್ತ ಅಂತ ಇದ್ದರೆ ಲೀನ್ ಮಾಡಿ ಅಂತ ಮ್ಯಾನೇಜರಿಗೆ ಲಿಖಿತವಾಗಿ ಕೇಳಿ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಬರುತ್ತದೆ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಲೈನ್ ಬಜಾರ್ ವಕೀಲ | ನವೆಂಬರ್ 11, ರಾತ್ರಿ 10:20

ಮೇಲಿನ ಮಾತಿಗೆ ಬಲ ಇದೆ. 2023ರಲ್ಲಿ ಕೇರಳ ಹೈಕೋರ್ಟಿಗೆ ಇಂಥದ್ದೇ ಖಾತೆದಾರರ ಗುಂಪು ಹೋಗಿತ್ತು. ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇಡಿ ಎಂದು ಕೋರ್ಟ್ ಬ್ಯಾಂಕ್‌ಗಳಿಗೆ ಹೇಳಿತು. ಅದು ನಮ್ಮ ಹೈಕೋರ್ಟನ್ನು ಕಟ್ಟಿಹಾಕುವ ತೀರ್ಪಲ್ಲ. ಆದರೆ ಅರ್ಜಿಯಲ್ಲಿ ಬರೆಯಲು ಅಡ್ಡಿ ಇಲ್ಲ.

ಕೇಶ್ವಾಪುರದವ | ನವೆಂಬರ್ 12, ಬೆಳಿಗ್ಗೆ 6:50

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ನೋಡಿದೆ. ವಕೀಲರೇ, ಹೆಸರು ಬೇರೆ ಬೇರೆ ಇದೆ. ಆ್ಯಪ್‌ನಲ್ಲಿ ಕೊಂಡವನದ್ದು ಒಂದು. 20,000 ಹಾಕಿದ ಖಾತೆ ಒಬ್ಬ ಹೆಂಗಸಿನದ್ದು. 20,500 ಹಾಕಿದ್ದು ಯಾವುದೋ ಟ್ರೇಡರ್ಸ್. ಅವತ್ತು ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಇದ್ದರು. ಟಿಂಗ್ ಅಂತ ಮೆಸೇಜ್ ಬಂತು, ಮೊತ್ತ ನೋಡಿದೆ, ಕಾಯಿನ್ ಬಿಟ್ಟುಬಿಟ್ಟೆ. ಹೆಸರು ನೋಡಲೇ ಇಲ್ಲ.

ಲೈನ್ ಬಜಾರ್ ವಕೀಲ | ನವೆಂಬರ್ 12, ಬೆಳಿಗ್ಗೆ 8:15

ಇದೇ ನಾನು ಹೆದರಿದ್ದು. ಹೆಸರು ಹೊಂದದಿದ್ದರೆ ಕಾಯಿನ್ ಬಿಡಬಾರದಿತ್ತು. ಆದರೂ ಇದು ಎಚ್ಚರಗೇಡಿತನ, ಮೋಸ ಅಲ್ಲ. ಮೋಸಕ್ಕೆ, ಅಂದರೆ ಅಪರಾಧಗಳ ಹೊಸ ಸಂಹಿತೆ ಬಿಎನ್‌ಎಸ್ 318ಕ್ಕೆ, ಮೋಸ ಮಾಡುವ ಉದ್ದೇಶ ಇತ್ತು ಅಂತ ತೋರಿಸಬೇಕು.

ಮೊದಲು ಆ ಆರ್ಡರ್‌ನ ಪೂರ್ತಿ ದಾಖಲೆ ತೆಗೆಯಿರಿ. ಆರ್ಡರ್ ನಂಬರ್, ಚಾಟ್, ಕಾಯಿನ್ ಹೋದ ವ್ಯಾಲೆಟ್ ವಿಳಾಸ, ಸಮಯ. ಆ 450 ಯುಎಸ್‌ಡಿಟಿ ನೀವು ಎಲ್ಲಿ ಕೊಂಡಿರಿ ಅನ್ನುವುದಕ್ಕೂ ಕಾಗದ ಬೇಕು. ಇದನ್ನೆಲ್ಲ ಒಂದು ಪತ್ರದ ಜೊತೆ ಆ ಠಾಣೆಗೆ ಇಮೇಲ್ ಮಾಡಿ, ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿ. ಅದಕ್ಕೂ ಆಗದಿದ್ದರೆ ಆ ಊರಿನ ಮ್ಯಾಜಿಸ್ಟ್ರೇಟ್ ಮುಂದೆ ಬಿಎನ್‌ಎಸ್‌ಎಸ್ 503ರಲ್ಲಿ ಅರ್ಜಿ. ಹೈಕೋರ್ಟ್ ರಿಟ್ ಆಮೇಲಿನ ಮಾತು. ನಮಗೆ ಧಾರವಾಡದಲ್ಲೇ ಪೀಠ ಇದೆ, 2013ರಿಂದ ಕಾಯಂ ಕೂಡ ಆಗಿದೆ. ಆದರೆ ಮೊದಲ ದಿನವೇ ಅಲ್ಲಿಗೆ ಓಡಬೇಡಿ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. "ಇಷ್ಟು ಕೊಡಿ, ಖಾತೆ ಬಿಡಿಸುತ್ತೇನೆ" ಅಂತ ಫೋನ್ ಬರಬಹುದು. ಸಾಹೇಬರ ಧ್ವನಿಯಲ್ಲೇ ಮಾತಾಡುತ್ತಾರೆ. ಒಂದು ಪೈಸೆ ಕೊಡಬೇಡಿ. ಒಮ್ಮೆ ಸುಟ್ಟುಕೊಂಡವರನ್ನು ಹುಡುಕಿ ಹುಡುಕಿ ಮತ್ತೆ ಸುಡುವವರು ಇದ್ದಾರೆ.

ಬ್ಯಾಡಗಿ ಪೇಟೆ | ನವೆಂಬರ್ 12, ಮಧ್ಯಾಹ್ನ 2:30

ಕೇಶ್ವಾಪುರದವರದ್ದು ಹೇಗೋ ದಡ ಸೇರುತ್ತದೆ ಅನ್ನಿಸುತ್ತದೆ. ನಮ್ಮ ಮನೆಯದ್ದು ಬೇರೆ ಕತೆ.

ಮೂರು ವರ್ಷದ ಹಿಂದೆ ಹಾವೇರಿಯ ಒಂದು ಹಾಲ್‌ನಲ್ಲಿ ಮೀಟಿಂಗ್ ಇಟ್ಟಿದ್ದರು. ಪ್ರೊಜೆಕ್ಟರ್, ಊಟ, ಬಂದವರಿಗೆಲ್ಲ ಪೆನ್ನು. ಮಾತಾಡಿದವನು ನಮ್ಮ ಕಡೆಯವನೇ, ನಮ್ಮ ಭಾಷೆಯಲ್ಲೇ ಮಾತಾಡಿದ. ತಿಂಗಳಿಗೆ ನೂರಕ್ಕೆ ಎಂಟು, ಕಾಯಿನ್ ರೂಪದಲ್ಲಿ. ಮೂವರನ್ನು ಸೇರಿಸಿದರೆ ಇನ್ನೂ ಜಾಸ್ತಿ. ನಮ್ಮ ಸೋದರಮಾವ ಆ ವರ್ಷ ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ಮೂರು ಲಕ್ಷ ಹಾಕಿದರು. ಡಬ್ಬಿ ಕಾಯಿಗೆ ಒಳ್ಳೆಯ ರೇಟ್ ಸಿಕ್ಕ ವರ್ಷ ಅದು.

ನಾಲ್ಕು ತಿಂಗಳು ದುಡ್ಡು ಬಂತು. ಆಮೇಲೆ ಸರ್ವರ್ ಅಪ್‌ಗ್ರೇಡ್ ಅಂದರು. ಆಮೇಲೆ ಹೊಸ ಕಾಯಿನ್ ಬರುತ್ತದೆ ಅಂದರು. ಈಗ ಫೋನ್ ಎತ್ತುವವರಿಲ್ಲ. ಆದರೆ ಆ್ಯಪ್ ಇನ್ನೂ ನಡೆಯುತ್ತಿದೆ. ಮಾವ ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಅದನ್ನು ತೆಗೆದು ನೋಡುತ್ತಾರೆ. ನಿನ್ನೆ ಅದರಲ್ಲಿ 11,42,000 ಅಂತ ಇತ್ತು. ದಿನಾ ಬೆಳೆಯುತ್ತದೆ. "ವಿತ್‌ಡ್ರಾ" ಬಟನ್ ಮಾತ್ರ ಬೂದು ಬಣ್ಣಕ್ಕೆ ತಿರುಗಿ ಒಂದೂವರೆ ವರ್ಷ ಆಯಿತು.

ದೂರು ಕೊಡಿ ಅಂದರೆ "ಕೊಟ್ಟರ ಇದೂ ಹೋಕ್ಕೈತಿ" ಅಂತ ಆ ನಂಬರ್ ತೋರಿಸುತ್ತಾರೆ. ಏನು ಹೇಳಿ ಒಪ್ಪಿಸಲಿ?

ಗದಗ ಮೇಷ್ಟ್ರು | ನವೆಂಬರ್ 12, ಸಂಜೆ 6:00

ಓದಿ ಸಂಕಟ ಆಯಿತು. ಆ ನಂಬರ್ ದುಡ್ಡಲ್ಲ ಅಂತ ನಿಮ್ಮ ಮಾವನಿಗೆ ನಿಧಾನಕ್ಕೆ ಹೇಳಿ. ಅದನ್ನು ಯಾರೋ ಕಂಪ್ಯೂಟರ್‌ನಲ್ಲಿ ಬರೆದಿದ್ದಾರೆ, ಅಷ್ಟೇ.

ಇದೇ ಅಚ್ಚಿನ ದೊಡ್ಡ ಪ್ರಕರಣ ಗೇನ್‌ಬಿಟ್‌ಕಾಯಿನ್. ಬಿಟ್‌ಕಾಯಿನ್ ಕೊಡಿ, 18 ತಿಂಗಳು ತಿಂಗಳಿಗೆ ಶೇಕಡಾ 10 ಕೊಡುತ್ತೇವೆ ಎಂದಿದ್ದರು. ಕೊನೆಗೆ ಬಿಟ್‌ಕಾಯಿನ್ ಬದಲು ಎಂಕ್ಯಾಪ್ ಅನ್ನುವ ತಮ್ಮದೇ ಕಾಯಿನ್ ಕೊಟ್ಟು ಕೈತೊಳೆದುಕೊಂಡರು. ನಿಮ್ಮ ಮಾವನಿಗೆ ಹೇಳಿದ "ಹೊಸ ಕಾಯಿನ್" ಇದೇ ಪಾಠ. ಮುಖ್ಯ ಆರೋಪಿ 2018ರಲ್ಲಿ ಸಿಕ್ಕಿಬಿದ್ದ, 2022ರಲ್ಲಿ ತೀರಿಕೊಂಡ. ಕೇಸು ಬೇರೆ ಬೇರೆ ರಾಜ್ಯಗಳಲ್ಲಿ ಚದುರಿತ್ತು. ಸುಪ್ರೀಂ ಕೋರ್ಟ್ ಅದನ್ನೆಲ್ಲ ಸಿಬಿಐಗೆ ಒಪ್ಪಿಸಿತು. 2025ರ ಫೆಬ್ರವರಿಯಲ್ಲೂ ಸಿಬಿಐ 60ಕ್ಕೂ ಹೆಚ್ಚು ಕಡೆ ಶೋಧ ಮಾಡಿದೆ. ಇಷ್ಟು ವರ್ಷ ಆದ ಮೇಲೂ ದೂರು ಕೊಟ್ಟವರ ಹೆಸರು ಕಡತದಲ್ಲಿದೆ. ಕೊಡದವರ ಹೆಸರು ಎಲ್ಲೂ ಇಲ್ಲ.

ನಾನು ಇರುವುದು ಗದಗಿನಲ್ಲಿ. ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಸಾಲ ಕೊಟ್ಟಿದ್ದು ಯಾರಿಗೆ, ಬಂದದ್ದು ಎಷ್ಟು, ಊರಿನವರಿಗೆಲ್ಲ ಗೊತ್ತಿರುತ್ತಿತ್ತು. ನೂರಾ ಇಪ್ಪತ್ತು ವರ್ಷ ಆದ ಮೇಲೆ ಅದೇ ನೆಲದ ಜನ ಲೆಕ್ಕದ ಪುಸ್ತಕ ಎಲ್ಲಿದೆ ಅಂತ ಕೇಳದೆ ದುಡ್ಡು ಕೊಡುತ್ತಿದ್ದಾರೆ. ನನಗೆ ಇದು ತುಂಬಾ ನೋವು ಕೊಡುತ್ತದೆ.

ಲೈನ್ ಬಜಾರ್ ವಕೀಲ | ನವೆಂಬರ್ 12, ರಾತ್ರಿ 9:00

ಮೇಷ್ಟ್ರೇ, ಒಳ್ಳೆಯ ಮಾತು ನೆನಪಿಸಿದಿರಿ. ಬ್ಯಾಡಗಿಯವರಿಗೆ ಕಾನೂನಿನ ಕಡೆಯಿಂದ ಒಂದೆರಡು ಮಾತು.

ಕಾಯಿನ್ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಹೊಸ ಜಾತಿಯ ಪ್ರಾಣಿ ಆಗಲ್ಲ. ಕೋರ್ಟ್ ನೋಡುವುದು ಒಳಗಿನ ವ್ಯವಹಾರವನ್ನು. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಹೋವಿ ಅನ್ನುವ ಕಂಪನಿಯ ಕೇಸು ಬಂತು. ಫ್ಲೋರಿಡಾದಲ್ಲಿ ಕಿತ್ತಳೆ ತೋಟದ ತುಂಡುಗಳನ್ನು ಜನರಿಗೆ ಮಾರುತ್ತಿದ್ದರು. ತೋಟ ನೋಡಿಕೊಳ್ಳುವುದು ಕಂಪನಿಯವರೇ, ಲಾಭ ಹಂಚುವುದೂ ಅವರೇ. ಇದು ಜಮೀನು ಮಾರಾಟ ಅಲ್ಲ, ಹೂಡಿಕೆ ಒಪ್ಪಂದ ಎಂದು ಕೋರ್ಟ್ ಹೇಳಿತು. ನಮ್ಮ ಧಾರವಾಡದ ಆಪೂಸು ತೋಟದ ಎರಡು ಗುಂಟೆ ನಿಮಗೆ ಮಾರಿ, ಮಾವು ಬೆಳೆದು ದುಡ್ಡು ಕೊಡುತ್ತೇನೆ ಅಂದ ಹಾಗೆ. ಆ ಅಳತೆಗೋಲನ್ನೇ ಇವತ್ತು ಅಲ್ಲಿ ಕ್ರಿಪ್ಟೋಗೆ ಹಚ್ಚುತ್ತಾರೆ. ಎಕ್ಸ್‌ಆರ್‌ಪಿ ಅನ್ನುವ ಕಾಯಿನ್ ಮಾರಿದ ರಿಪ್ಪಲ್ ಕಂಪನಿಯ ಕೇಸಿನಲ್ಲಿ 2023ರ ಜುಲೈನಲ್ಲಿ ನ್ಯಾಯಾಧೀಶೆ ಅನಲೀಸಾ ಟೊರೆಸ್ ಕೊಟ್ಟ ತೀರ್ಪು ನೋಡಿ. ದೊಡ್ಡ ಸಂಸ್ಥೆಗಳಿಗೆ ನೇರವಾಗಿ ಮಾರಿದ್ದು ಆ ಅಳತೆಯೊಳಗೆ ಬಂತು. ಕ್ರಿಪ್ಟೋ ಕೊಡು-ಕೊಳ್ಳುವ ಎಕ್ಸ್‌ಚೇಂಜ್‌ನಲ್ಲಿ ಯಾರು ಮಾರುತ್ತಿದ್ದಾರೆ ಅಂತ ಗೊತ್ತಿಲ್ಲದೆ ಕೊಂಡವರದ್ದು ಬರಲಿಲ್ಲ. ಕಾಯಿನ್ ಅದೇ, ಮಾರಿದ ರೀತಿ ಬೇರೆ.

ನಮ್ಮಲ್ಲೂ ಹಿರಿಯರಿಗೆ ತೊಂಬತ್ತರ ದಶಕದ ತೇಗದ ಗಿಡದ ಸ್ಕೀಮ್‌ಗಳು ನೆನಪಿರಬಹುದು. ಗಿಡ ನಿಮ್ಮ ಹೆಸರಲ್ಲಿ, 20 ವರ್ಷಕ್ಕೆ ಲಕ್ಷಗಟ್ಟಲೆ. ಅಂಥವು ಮುಳುಗಿದ ಮೇಲೆ 1999ರಲ್ಲಿ ಸೆಬಿ ಸಾಮೂಹಿಕ ಹೂಡಿಕೆಗೆ ನಿಯಮ ತಂದಿತು. 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಬಂತು. ಠೇವಣಿದಾರರ ಹಿತ ಕಾಯಲು ಕರ್ನಾಟಕದ್ದೇ 2004ರ ಕಾಯ್ದೆಯೂ ಇದೆ. ನಿಮ್ಮ ಮಾವನ ಕೇಸಿಗೆ ಯಾವುದು ಹೊಂದುತ್ತದೆ ಅನ್ನುವುದು ಕಾಗದ ನೋಡಿ ಹೇಳುವ ಮಾತು. ಮೀಟಿಂಗ್‌ನ ಫೋಟೋ, ಆ ಪೆನ್ನು ಕೂಡ ಇದ್ದರೆ ತೆಗೆದಿಡಿ. ನಿಜವಾಗಿ ಹೇಳುತ್ತಿದ್ದೇನೆ, ಅದರ ಮೇಲೆ ಕಂಪನಿ ಹೆಸರು ಅಚ್ಚಾಗಿರುತ್ತದೆ.

ಲೆಕ್ಕದವಳು, ಸಪ್ತಾಪುರ | ನವೆಂಬರ್ 13, ಬೆಳಿಗ್ಗೆ 11:00

ತೆರಿಗೆ ವಿಚಾರ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಕೇಶ್ವಾಪುರದವರೇ, ಠಾಣೆಗೆ ದಾಖಲೆ ಕಳಿಸುವಾಗ ನಿಮ್ಮ ಐಟಿ ರಿಟರ್ನ್ ಕೂಡ ಕೇಳಬಹುದು. ಅದರಲ್ಲಿ ವಿಡಿಎ (ವರ್ಚುವಲ್ ಡಿಜಿಟಲ್ ಅಸೆಟ್, ಅಂದರೆ ಕ್ರಿಪ್ಟೋದಂಥವು) ಅಂತ ಬೇರೆಯೇ ಪಟ್ಟಿ ಇದೆ. ತುಂಬಿ.

2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30, ಅದರ ಮೇಲೆ ಶೇಕಡಾ 4 ಸೆಸ್. ಆ ವರ್ಷದ ಜುಲೈನಿಂದ ಮಾರಾಟದ ಮೊತ್ತಕ್ಕೆ ಶೇಕಡಾ 1 ಟಿಡಿಎಸ್. ಜನರಿಗೆ ಗೊತ್ತಿಲ್ಲದ್ದು ಮುಂದಿನ ಮಾತು. ನೀವು ಒಂದು ಕಾಯಿನ್‌ನಲ್ಲಿ 40,000 ಗಳಿಸಿದಿರಿ, ಇನ್ನೊಂದರಲ್ಲಿ 50,000 ಕಳೆದುಕೊಂಡಿರಿ ಅಂತ ಇಟ್ಟುಕೊಳ್ಳಿ. ಕೈಗೆ 10,000 ನಷ್ಟ. ಆದರೂ 12,480 ತೆರಿಗೆ ಕಟ್ಟಬೇಕು! ನಷ್ಟವನ್ನು ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವ ಹಾಗೂ ಇಲ್ಲ. ನನ್ನ ಪ್ರಕಾರ ಇದು ಅನ್ಯಾಯ. ಶೇರಿನಲ್ಲಿ ಹೀಗಿಲ್ಲ.

ಮತ್ತೆ, ತೆರಿಗೆ ಕಟ್ಟಿದೆ ಅಂದರೆ ಸರಕಾರ ಒಪ್ಪಿದೆ ಅಂತ ಅರ್ಥ ಅಲ್ಲ. ಹಣಕಾಸು ಸಚಿವರೇ 2022ರಲ್ಲಿ ಸಂಸತ್ತಿನಲ್ಲಿ ಅದನ್ನು ಹೇಳಿದ್ದಾರೆ.

ಉಣಕಲ್ ಕೆರೆ ದಂಡೆ | ನವೆಂಬರ್ 13, ಮಧ್ಯಾಹ್ನ 1:20

ಇಷ್ಟೆಲ್ಲ ತಾಪತ್ರಯ ಯಾಕೆ? ಪೂರ್ತಿ ಬ್ಯಾನ್ ಮಾಡಿಬಿಟ್ಟರೆ ಮುಗೀತಲ್ಲ. ಹೀಗೆ ಸಿಕ್ಕಿಹಾಕಿಕೊಳ್ಳುವವರೆಲ್ಲ ನಮ್ಮಂಥ ಸಣ್ಣವರೇ.

ಲೆಕ್ಕದವಳು, ಸಪ್ತಾಪುರ | ನವೆಂಬರ್ 13, ಮಧ್ಯಾಹ್ನ 1:50

ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಬ್ಯಾಡಗಿಯವರ ಮಾವ ಹಾಕಿದ್ದು ಬಿಟ್‌ಕಾಯಿನ್‌ಗೆ ಅಲ್ಲ, ಒಬ್ಬ ಮನುಷ್ಯನ ಮಾತಿಗೆ. ಅದು ಮೊದಲಿಂದಲೂ ಅಪರಾಧವೇ ಆಗಿತ್ತು. ಬ್ಯಾನ್ ಮಾಡಿದರೆ ಲೆಕ್ಕ ಇಡುವ ಎಕ್ಸ್‌ಚೇಂಜ್‌ಗಳು ಹೋಗುತ್ತವೆ, ಟೆಲಿಗ್ರಾಂ ಗುಂಪುಗಳು ಉಳಿಯುತ್ತವೆ. 2023ರ ಮಾರ್ಚ್ 7ರಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ತಡೆ ಕಾಯ್ದೆಯೊಳಗೆ ಬಂದಿವೆ. ಕೇಂದ್ರದ ಹಣಕಾಸು ಗುಪ್ತಚರ ಘಟಕ ಎಫ್‌ಐಯು ಬಳಿ ನೋಂದಣಿ ಆಗಬೇಕು, ಗ್ರಾಹಕರ ಗುರುತು ಇಡಬೇಕು. ನೋಂದಣಿ ಇಲ್ಲದೆ ನಡೆಸಿದ್ದಕ್ಕೆ ಬೈನಾನ್ಸ್‌ನಂಥ ದೊಡ್ಡದಕ್ಕೇ 2024ರಲ್ಲಿ 18.82 ಕೋಟಿ ದಂಡ ಬಿತ್ತು. ಈ ದಾರಿ ನಿಧಾನ, ಆದರೆ ಕಳ್ಳನ ಹೆಜ್ಜೆ ಗುರುತು ಸಿಗುವುದು ಇದರಲ್ಲೇ.

ವಿದ್ಯಾನಗರ ಹಾಸ್ಟೆಲ್ | ನವೆಂಬರ್ 13, ರಾತ್ರಿ 11:40

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಹಾಸ್ಟೆಲ್‌ಗೆ ಒಬ್ಬ ಸೀನಿಯರ್ ಬರುತ್ತಿದ್ದ. ಹೊಸ ಖಾತೆ ತೆಗೆದು ಎಟಿಎಂ ಕಾರ್ಡ್, ಸಿಮ್ ಅವನಿಗೆ ಕೊಟ್ಟರೆ 5,000 ಕೊಡುತ್ತಿದ್ದ. ಕ್ರಿಪ್ಟೋ ಟ್ರೇಡಿಂಗ್‌ಗೆ ಲಿಮಿಟ್ ಸಾಲಲ್ಲ, ಅದಕ್ಕೆ ಬೇಕು ಅನ್ನುತ್ತಿದ್ದ. ನನ್ನ ರೂಮ್‌ಮೇಟ್ ಕೊಟ್ಟ. ಎರಡು ತಿಂಗಳಾದ ಮೇಲೆ ಅವನ ಊರಿನ ಮನೆಗೆ ನೋಟಿಸ್ ಹೋಯಿತು. ಅಮ್ಮನಿಗೆ ಓದಲು ಬರಲ್ಲ, ಪಕ್ಕದ ಮನೆಯವರು ಓದಿ ಹೇಳಿದರು. ಮೊದಲ ವರ್ಷದ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೊಡಬೇಡಿ.

ಕೌಂಟರ್ ನಂ. 3 | ನವೆಂಬರ್ 14, ಬೆಳಿಗ್ಗೆ 7:30

ಬರೆದಿದ್ದು ಒಳ್ಳೆಯದಾಯಿತು ತಮ್ಮಾ. ನಿನ್ನ ಗೆಳೆಯನಿಗೆ ವಕೀಲರನ್ನು ಕಾಣಲು ಹೇಳು, ಒಬ್ಬನೇ ಇರಲು ಬಿಡಬೇಡ.

ನವನಗರ ಸುನೀತ | ನವೆಂಬರ್ 15, ಸಂಜೆ 5:15

ನನ್ನದು ಮೋಸದ ಆ್ಯಪ್ ಅಲ್ಲ, ಹೆಸರಾಂತ ಎಕ್ಸ್‌ಚೇಂಜ್‌ನಲ್ಲೇ ಇಟ್ಟಿದ್ದೆ. 2024ರ ಜುಲೈ 18ರ ವಜೀರ್‌ಎಕ್ಸ್ ಹ್ಯಾಕ್ ಸುದ್ದಿ ಬಂದಾಗ ಎದೆ ಒಡೆದಂತಾಗಿತ್ತು. ಹತ್ತಿರ ಹತ್ತಿರ 2,000 ಕೋಟಿ ರೂಪಾಯಿ ಬೆಲೆಯ ಕಾಯಿನ್ ಹೋಯಿತು. ಅಂಥದ್ದು ಆದಾಗ ಉಳಿದ ಕಾಯಿನ್ ನಮ್ಮದಾ, ಕಂಪನಿಯದ್ದಾ?

ಲೈನ್ ಬಜಾರ್ ವಕೀಲ | ನವೆಂಬರ್ 15, ರಾತ್ರಿ 8:40

ಇದಕ್ಕೆ 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಒಳ್ಳೆಯ ಉತ್ತರ ಕೊಟ್ಟಿದೆ. ಒಬ್ಬ ಮಹಿಳೆ 2024ರ ಜನವರಿಯಲ್ಲಿ 1,98,516 ರೂಪಾಯಿಗೆ 3,532.30 ಎಕ್ಸ್‌ಆರ್‌ಪಿ ಕೊಂಡು ಅದೇ ಎಕ್ಸ್‌ಚೇಂಜ್‌ನಲ್ಲಿ ಇಟ್ಟಿದ್ದರು. ಹ್ಯಾಕ್ ಆದ ಮೇಲೆ ಎಲ್ಲರ ಖಾತೆಗೂ ಬೀಗ ಬಿತ್ತು. ಕಳುವಾದದ್ದು ಬೇರೆ ಬಗೆಯ ಟೋಕನ್, ನನ್ನದಲ್ಲ, ನನ್ನದನ್ನು ಯಾಕೆ ಎಲ್ಲರ ನಷ್ಟಕ್ಕೆ ಹಂಚುತ್ತೀರಿ ಅಂತ ಅವರು ಕೇಳಿದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಕ್ರಿಪ್ಟೋ ಚಲಾವಣೆಯ ಹಣವೂ ಅಲ್ಲ, ಮುಟ್ಟುವ ವಸ್ತುವೂ ಅಲ್ಲ, ಆದರೆ ಅದು ಸ್ವತ್ತು ಎಂದರು. ಒಬ್ಬರು ಇನ್ನೊಬ್ಬರ ಪರವಾಗಿ ನಂಬಿಕೆಯಿಂದ ಕಾಯ್ದು ಇಡಬಹುದಾದ ಸ್ವತ್ತು. ಆ ಮಹಿಳೆಗೆ ಮಧ್ಯಂತರ ರಕ್ಷಣೆಯೂ ಸಿಕ್ಕಿತು.

ಇದು ಕೊನೆಯ ಮಾತಲ್ಲ, ಮುಂದೆ ಇನ್ನೂ ವಾದ ಇದೆ. ಆದರೂ ನನಗೆ ಬಹಳ ಖುಷಿ ಕೊಟ್ಟ ತೀರ್ಪು. ಸ್ವತ್ತು ಅಂತ ಆದ ಮೇಲೆ ಕದ್ದರೆ ಕಳವು, ಕಾಯುತ್ತೇನೆ ಅಂತ ತಿಂದರೆ ನಂಬಿಕೆ ದ್ರೋಹ. ನಮ್ಮ ಹಳೆಯ ಪದಗಳೇ ಕೆಲಸಕ್ಕೆ ಬರುತ್ತವೆ.

ಬ್ಯಾಡಗಿ ಪೇಟೆ | ನವೆಂಬರ್ 24, ರಾತ್ರಿ 9:10

ಮಾವ ಒಪ್ಪಿದರು. ಇವತ್ತು ಹಾವೇರಿಗೆ ಹೋಗಿ ದೂರು ಕೊಟ್ಟು ಬಂದೆವು. ಠಾಣೆಯಲ್ಲಿ ಎಷ್ಟು ಹೋಗಿದೆ ಅಂತ ಕೇಳಿದಾಗ ಅವರು ಒಂದು ನಿಮಿಷ ಸುಮ್ನೆ ಕೂತರು. ಆಮೇಲೆ "ಮೂರು ಲಕ್ಷ" ಅಂದರು. ಹನ್ನೊಂದು ಲಕ್ಷ ಅನ್ನಲಿಲ್ಲ.

ಕೇಶ್ವಾಪುರದವ | ಡಿಸೆಂಬರ್ 6, ಸಂಜೆ 6:30

ಎಲ್ಲರಿಗೂ ಒಂದು ಅಪ್‌ಡೇಟ್. ಮೂರು ಇಮೇಲ್, ಒಂದು ರಿಜಿಸ್ಟರ್ಡ್ ಪೋಸ್ಟ್, ಲೆಕ್ಕವಿಲ್ಲದಷ್ಟು ಫೋನ್. ಬ್ಯಾಂಕ್‌ಗೆ ಠಾಣೆಯಿಂದ ಪತ್ರ ಬಂದಿದೆ. 20,000ಕ್ಕೆ ಮಾತ್ರ ಲೀನ್ ಇಟ್ಟು ಉಳಿದದ್ದು ಬಿಟ್ಟಿದ್ದಾರೆ. ಮೊದಲು ಹೆಂಡತಿಗೆ 1 ರೂಪಾಯಿ ಕಳಿಸಿ ನೋಡಿದೆ. ಹೋಯಿತು. ಆಮೇಲೆ ಅಪ್ಪನಿಗೆ ಎಲ್ಲಾ ಹೇಳಿದೆ.

ಪತ್ರದಲ್ಲಿ ದೂರು ಕೊಟ್ಟವರ ವಿಷಯ ಒಂದು ಸಾಲು ಇತ್ತು. ನಿವೃತ್ತ ನರ್ಸ್ ಅಂತೆ. ಪೆನ್ಷನ್ ದುಡ್ಡು. ವಕೀಲರೇ, ಆ 20,000 ನನಗೆ ಬೇಡ. ಅವರಿಗೇ ಹೋಗಲಿ ಅಂತ ನಾನು ಬರೆದುಕೊಡಬಹುದಾ?

ಲೈನ್ ಬಜಾರ್ ವಕೀಲ | ಡಿಸೆಂಬರ್ 6, ರಾತ್ರಿ 9:05

ಬರೆದುಕೊಡಬಹುದು. ಅಭ್ಯಂತರ ಇಲ್ಲ ಅಂತ ಹೇಳಬೇಕು, ಆದರೆ ತಪ್ಪು ಒಪ್ಪಿಕೊಂಡ ಹಾಗೆ ಆಗಬಾರದು. ಪದ ನೋಡಿ ಬರೆಯಬೇಕು. ಗುರುವಾರ ಕೋರ್ಟ್ ಮುಗಿದ ಮೇಲೆ ಬನ್ನಿ. ಆ ಆರ್ಡರ್‌ನ ಪಿಡಿಎಫ್ ಎರಡು ಪ್ರತಿ ಪ್ರಿಂಟ್ ತೆಗೆದು ತನ್ನಿ, ಹೆಸರು ಇರುವ ಪುಟ ಸ್ಪಷ್ಟವಾಗಿ ಬಂದಿರಲಿ.